ರಾಣಿಯ ತವರುಮನೆ

ನನ್ನ ಮದುವೆಗೆ ಎರಡು ತಿಂಗಳಿರುವಾಗ ಇಂಗ್ಲೆಂಡಿನ ರಾಣಿ ತೀರಿಕೊಂಡರು. ಈ ಎರಡಕ್ಕೂ ಏನು ಸಂಬಂಧ ಎಂದು ಕೇಳುವವರು ನಮ್ಮಪ್ಪನನ್ನು ನೋಡಿಲ್ಲ. ಸುದ್ದಿ ಬಂದ ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಅಪ್ಪ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಹಾಳು ಬಂಗಲೆಯೊಂದರ ಗೇಟಿನ ಒಳಗೆ ಬಂದಿಯಾದ. ಗೇಟಿನ ಬೀಗದ ಕೈ ಅಪ್ಪನ ಕೈಯಲ್ಲೇ ಇತ್ತು. ಗೇಟಿನ ಎರಡೂ ಕಡೆಯ ಗೋಡೆ ಯಾವ ಕಾಲಕ್ಕೋ ಬಿದ್ದುಹೋಗಿ, ಮೇಕೆಗಳೆಲ್ಲ ಅಲ್ಲಿಂದಲೇ ಓಡಾಡುತ್ತಿದ್ದವು. ಆದರೂ ಅಪ್ಪ ಹದಿನೇಳು ದಿನ ಹೊರಗೆ ಬರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮದು ಬಂಗಾರಪೇಟೆಯ ಹತ್ತಿರದ ಒಂದು ಹಳ್ಳಿ. ಒಂದಿಷ್ಟು ಹೊಲ, ಮೂರು ಹಸು, ದಿನಕ್ಕೆರಡು ಸಲ ಡೇರಿಗೆ ಹಾಲು. ಮನೆಯಲ್ಲಿ ಅಪ್ಪ, ಅಮ್ಮ, ನಾನು. ನಮ್ಮ ತಾತ ಹಸು ಹೊಲವನ್ನೆಲ್ಲ ಅಜ್ಜಿಗೆ ಬಿಟ್ಟು, ಕೆಜಿಎಫ್‌ಗೆ ಹೋಗಿ ಗಣಿಯ ದೊರೆಯೊಬ್ಬನ ಬಂಗಲೆಗೆ ಕಾವಲುಗಾರನಾದ. ಆಮೇಲೆ ದೊರೆ ಹೋದ, ತಾತ ಹೋದ, ಕೊನೆಗೆ ಗಣಿಯೂ ಮುಚ್ಚಿತು. ಕಾವಲು ಮಾತ್ರ ಉಳಿಯಿತು. ಬಂಗಲೆ ಕೈಯಿಂದ ಕೈಗೆ ದಾಟಿ ಈಗ ಬೆಂಗಳೂರಿನ ಯಾರದೋ ಹೆಸರಿನಲ್ಲಿದೆ. ಅವರು ತಿಂಗಳು ತಿಂಗಳು ಸಂಬಳ ಕಳಿಸುತ್ತಾರೆ, ಬಂದು ನೋಡುವುದಿಲ್ಲ. ರಾತ್ರಿ ಪಾಳಿ ಅಪ್ಪನದು. ಹಗಲು ಪಾಳಿ ಮೇಸ್ತ್ರಿಯವರದು.

ಮೇಸ್ತ್ರಿ ಎಂದರೆ ಗಣಿ ಮುಚ್ಚುವವರೆಗೂ ನೆಲದಡಿ ಆಳುಗಳನ್ನು ನಡೆಸುತ್ತಿದ್ದವರು. ತಮಿಳಿನವರು. ಅಪ್ಪನಿಗಿಂತ ನಾಲ್ಕೈದು ವರ್ಷ ದೊಡ್ಡವರು. ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು, ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ನಮ್ಮಪ್ಪನನ್ನು ತಂಬಿ ಎನ್ನುತ್ತಾರೆ, ನನ್ನನ್ನು ಪಾಪ, ಅಂದರೆ ಕೂಸು, ಎನ್ನುತ್ತಾರೆ. ನನಗೆ ಮೂವತ್ತು ತುಂಬಿದಾಗಲೂ ಪಾಪ ಎಂದೇ ಕರೆಯುತ್ತಿದ್ದರು.

ಈ ಬಂಗಲೆಯಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿದ್ದ ಕೊನೆಯ ದೊರೆ ಹರೆಯದಲ್ಲಿ ಲಂಡನ್ನಿನ ಟವರ್ ಎನ್ನುವ ಹಳೆಯ ಕೋಟೆಯಲ್ಲಿ ಸಿಪಾಯಿಯಾಗಿದ್ದನಂತೆ. ಆ ಕೋಟೆಯ ಬಾಗಿಲಿಗೆ ದಿನವೂ ಬೀಗ ಹಾಕಿ, ಬೀಗದ ಕೈಗಳನ್ನು ಹಿಡಿದು ಬರುವವನನ್ನು ಪಹರೆಯವನು ಬಂದೂಕು ತೋರಿಸಿ ತಡೆಯಬೇಕು, ಯಾರು ಎಂದು ಕೇಳಬೇಕು. ದಿನವೂ ನೋಡುವ ಮುಖವೇ ಆದರೂ ಕೇಳಲೇಬೇಕು. ನೂರಾರು ವರ್ಷದಿಂದ ಒಂದು ದಿನವೂ ತಪ್ಪಿಲ್ಲವಂತೆ. ಆ ಮನುಷ್ಯನಿಗೆ ಇಲ್ಲಿ ಬಂದ ಮೇಲೆ ಊರಿನ ನೆನಪು ಬಂತೋ, ಹೊತ್ತು ಹೋಗಲಿಲ್ಲವೋ, ನಮ್ಮ ತಾತನಿಗೆ ಅದನ್ನು ಕಲಿಸಿದ. ತಾತ ಅದನ್ನು ನಮ್ಮ ಮಾತಿಗೆ ತಿರುಗಿಸಿಕೊಂಡ. ತಾತನಿಂದ ಅಪ್ಪ ಕಲಿತ, ಅಪ್ಪನಿಂದ ಮೇಸ್ತ್ರಿ ಕಲಿತರು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಪಾಳಿ ಬದಲಾಗುವಾಗ ಗೇಟಿನ ಎರಡು ಕಡೆ ನಿಂತು ಇಬ್ಬರೂ ಹೇಳಬೇಕಾದ ಮಾತು ಇಷ್ಟು:

“ನಿಂತ್ಕೋ. ಯಾರದು ಬರೋದು?”

“ಬೀಗದ ಕೈ.”

“ಯಾರ ಬೀಗದ ಕೈ?”

“ರಾಣಿಯಮ್ಮನ ಬೀಗದ ಕೈ.”

“ಓಗ್ಲಿ. ಎಲ್ಲಾ ಚೆನ್ನಾಗೈತೆ.”

ಉತ್ತರ ತಪ್ಪಿದರೆ, ಸರಿ ಉತ್ತರ ಸಿಗುವ ತನಕ ಬೀಗದ ಕೈ ಹಿಡಿದವನು ಗೇಟು ದಾಟುವಂತಿಲ್ಲ. ಈ ಕಾನೂನನ್ನು ದೊರೆ ಮಾಡಿದ್ದೋ ನಮ್ಮ ತಾತ ಸೇರಿಸಿದ್ದೋ ಗೊತ್ತಿಲ್ಲ. ತಾತ ಇಂಥದ್ದನ್ನು ಸೇರಿಸುವ ಪೈಕಿಯೇ. ಗೊಂಚಲಿನಲ್ಲಿ ಇಪ್ಪತ್ತಮೂರು ಬೀಗದ ಕೈಗಳಿದ್ದವು. ಬಂಗಲೆಯಲ್ಲಿ ಉಳಿದಿದ್ದು ಎರಡು ಬಾಗಿಲು. ಹಿಂದಿನ ಭಾಗದ ಸೂರು ಕುಸಿದು, ದೊರೆಸಾನಿಯ ಕೋಣೆಯಲ್ಲಿ ಸೀಬೆಗಿಡ ಬೆಳೆದಿತ್ತು. ಸೀಬೆಹಣ್ಣು ಮಾತ್ರ ಚೆನ್ನಾಗಿತ್ತು.

ನಾನು ಆ ಗೊಂಚಲನ್ನು ದ್ವೇಷಿಸುತ್ತಲೇ ಬೆಳೆದೆ. ನಾನು ಹುಟ್ಟಿದ್ದು ರಾತ್ರಿ, ಅಪ್ಪ ಬಂಗಲೆಯಲ್ಲಿದ್ದ. ಸ್ಕೂಲಿನ ವಾರ್ಷಿಕೋತ್ಸವ ಸಂಜೆ, ಅಪ್ಪ ಬಂಗಲೆಯಲ್ಲಿದ್ದ. ನಾನು ದೊಡ್ಡವಳಾದಾಗ ಮಾಡಿದ ಆರತಿ ಸಂಜೆ, ನೆಂಟರೆಲ್ಲ ಬಂದರು, ಅಪ್ಪ ಐದರ ರೈಲು ಹತ್ತಿ ಮಾರಿಕುಪ್ಪಂ ಕಡೆ, ಬಂಗಲೆಗೆ ಹೋಗಿದ್ದ. ಬದಲಿ ಆಳು ಕಳಿಸಿ ಎಂದರೆ, ಆ ಮಾತು ಬೇರೆ ಯಾರಿಗೂ ಬರೋಲ್ಲ ಎನ್ನುತ್ತಿದ್ದ. ಐದು ಸಾಲು ಕಲಿಯಲಾರದವರು ಇಡೀ ಬಂಗಾರಪೇಟೆ ತಾಲ್ಲೂಕಿನಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದರೆ ಅಮ್ಮ ಸುಮ್ಮನಿರೇ ಎನ್ನುತ್ತಿದ್ದಳು. ಅದಕ್ಕೇ ನನ್ನ ಮದುವೆ ಗೊತ್ತಾದಾಗ ಹಗಲಿನ ಮುಹೂರ್ತವೇ ಬೇಕು ಎಂದು ಹಠ ಹಿಡಿದೆ. ಕಾರ್ತಿಕದಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ ಸಿಕ್ಕಿತು. ಒಂದು ಸಲವಾದರೂ, ಇದೊಂದು ಸಲವಾದರೂ, ಅಪ್ಪ ಇರಬೇಕು ಎನ್ನುವುದೇ ನನ್ನ ಆಸೆ.

ಅಷ್ಟರಲ್ಲಿ ರಾಣಿ ಹೋದರು.

ಆ ಬೆಳಿಗ್ಗೆ ಗೇಟಿನ ಹೊರಗೆ ನಿಂತು ಮೇಸ್ತ್ರಿ ಎಂದಿನಂತೆ ಕೇಳಿದ್ದಾರೆ. ಯಾರ ಬೀಗದ ಕೈ ಎಂದಾಗ ಅಪ್ಪ, ಮೊಬೈಲಿನಲ್ಲಿ ಸುದ್ದಿ ನೋಡಿದ್ದವನು, ಹುಟ್ಟಿದ ಮೇಲೆ ಮೊದಲ ಸಲ ಬೇರೆ ಉತ್ತರ ಕೊಟ್ಟಿದ್ದಾನೆ. ರಾಜನ ಬೀಗದ ಕೈ ಎಂದಿದ್ದಾನೆ. ಮೇಸ್ತ್ರಿ ಸ್ವಲ್ಪ ಹೊತ್ತು ಯೋಚಿಸಿ ತಪ್ಪು ಎಂದರಂತೆ. ಅಪ್ಪ ಹಿಂದಕ್ಕೆ ಹೋಗಿ ವರಾಂಡದ ಮೆಟ್ಟಿಲ ಮೇಲೆ ಕೂತನಂತೆ.

ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟಿದ್ದೇನೆ. ಹತ್ತು ಗಂಟೆಗೆ ಮೇಸ್ತ್ರಿಯೇ ಫೋನ್ ಮಾಡಿ, ನಿಮ್ಮಪ್ಪ ಕಸ್ಟಡಿಯಲ್ಲಿದ್ದಾರೆ, ಊಟ ತರಬೇಕು ಎಂದರು. ಯಾರ ಕಸ್ಟಡಿ ಎಂದೆ. ನನ್ನ ಕಸ್ಟಡಿ ಎಂದರು. ನಾನು ಶಟರ್ ಎಳೆದು, ಆಟೋ ಹಿಡಿದು, ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಹೋದೆ. ಗೇಟಿನ ಒಳಗೆ ಅಪ್ಪ, ಹೊರಗೆ ಮೇಸ್ತ್ರಿ, ಇಬ್ಬರೂ ಒಂದೇ ಪೇಪರಿನ ಎರಡು ಹಾಳೆ ಹಂಚಿಕೊಂಡು ಓದುತ್ತಿದ್ದರು. ಜಗಳದ ಸುಳಿವೇ ಇಲ್ಲ. ಇಡ್ಲಿಯನ್ನೂ ಹಂಚಿಕೊಂಡು ತಿಂದರು.

ಮೇಸ್ತ್ರಿಯ ವಾದ ಹೀಗಿತ್ತು. ಮನೆಯ ಯಜಮಾನಿಕೆ ಇದ್ದವರು ಸತ್ತರೆ, ತಿಥಿಯ ದಿನ ಹಿರಿಮಗನಿಗೆ ಸೋದರಮಾವ ರುಮಾಲು ಕಟ್ಟಬೇಕು. ಇದು ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ರುಮಾಲು ಕಟ್ಟುವ ತನಕ ಅವನು ಬರೀ ಮಗ, ಯಜಮಾನನಲ್ಲ. ಲಂಡನ್ನಿನಲ್ಲಿ ಇನ್ನೂ ಯಾರೂ ಯಾರಿಗೂ ಏನೂ ಕಟ್ಟಿಲ್ಲ. ಕಿರೀಟ ಇಡುವುದು ಮುಂದಿನ ವರ್ಷವಂತೆ. ಅಲ್ಲಿಯ ತನಕ ರಾಜನ ಬೀಗದ ಕೈ ಎನ್ನುವುದು ಸುಳ್ಳು. ಅಪ್ಪನ ವಾದ ಬೇರೆ. ಅರಮನೆಯ ಮೇಲೆ ಹಾರಿಸುವ ರಾಜರ ಬಾವುಟವನ್ನು ಯಾರು ಸತ್ತರೂ ಅರ್ಧಕ್ಕೆ ಇಳಿಸುವುದಿಲ್ಲ. ಯಾಕೆಂದರೆ ಅಲ್ಲಿ ಗದ್ದುಗೆ ಒಂದು ಕ್ಷಣವೂ ಖಾಲಿ ಇರುವುದಿಲ್ಲ, ತಾಯಿಯ ಉಸಿರು ನಿಂತ ಗಳಿಗೆಗೇ ಮಗ ರಾಜ. ತಾತ ಹೇಳುತ್ತಿದ್ದುದು ಹಾಗೆ.

ಇವರು ಮುಂದಿನ ವರ್ಷ ಎನ್ನುತ್ತಿದ್ದರು. ನನ್ನ ಮದುವೆ ಇದ್ದದ್ದು ಕಾರ್ತಿಕದಲ್ಲಿ. ರಾಣಿಯ ಬೀಗದ ಕೈ ಎಂದು ಒಂದು ಮಾತು ಹೇಳಿ ಮನೆಗೆ ಬಾ ಎಂದು ಅಪ್ಪನನ್ನು ಬೇಡಿಕೊಂಡೆ. ಅಪ್ಪ ಇಡ್ಲಿಯ ಎಲೆ ಮಡಿಸಿ ಬದಿಗಿಟ್ಟ.

“ಸತ್ತೋರ ಎಸ್ರಲ್ಲಿ ಬೀಗದ ಕೈ ಕೊಡಕ್ಕಾಗಲ್ಲ ಕಣಮ್ಮ. ಅದು ಮೋಸ ಆಯ್ತದೆ.”

ಬಿದ್ದ ಗೋಡೆಯ ಕಡೆಯಿಂದ ಬಂದುಬಿಡು ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ ನಾನೇ ತಪ್ಪು ಮಾಡಿದ ಹಾಗಾಯಿತು. ಅದು ಗೋಡೆ ಎಂದರು ಮೇಸ್ತ್ರಿ, ತಾಳ್ಮೆಯಿಂದ.

ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂದು ತೋರಿಸಿಕೊಡಲು ನಾನು ಅಂಗಡಿಯಲ್ಲಿ ಕೂತು ಇಂಗ್ಲೆಂಡಿನ ಅರಮನೆಯ ಪದ್ಧತಿಗಳನ್ನು ಓದತೊಡಗಿದೆ. ನೀವು ಹಿಡಿದುಕೊಂಡಿರುವುದನ್ನು ಅಲ್ಲಿಯವರೇ ಯಾವತ್ತೋ ಬಿಟ್ಟಿದ್ದಾರೆ ನೋಡಿ ಎಂದು ಹೇಳುವ ಆಸೆ. ಆದರೆ ಓದಿದಷ್ಟೂ ನನ್ನ ಪಕ್ಷವೇ ಸೋಲುತ್ತಾ ಬಂತು. ರಾಣಿ ಹೋದ ಮೇಲೆ ಅರಮನೆಯ ಜೇನು ಸಾಕುವವನು ಗೂಡು ಗೂಡಿಗೂ ಕಪ್ಪು ಪಟ್ಟಿ ಕಟ್ಟಿ, ಮೆಲ್ಲಗೆ ತಟ್ಟಿ, ನಿಮ್ಮ ಒಡತಿ ತೀರಿಕೊಂಡರು, ಎಲ್ಲೂ ಹೋಗಬೇಡಿ, ಹೊಸ ಒಡೆಯರು ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಪಿಸುಮಾತಿನಲ್ಲಿ ಹೇಳಿ ಬಂದನಂತೆ. ನದಿಯಲ್ಲಿ ಗುರುತಿಲ್ಲದ ಹಂಸಗಳೆಲ್ಲ ರಾಜಮನೆತನದವು, ಅವನ್ನು ನೋಡಿಕೊಳ್ಳಲು ಕೆಂಪು ಕೋಟಿನ ಒಬ್ಬ ಅಧಿಕಾರಿ. ರಾಜರೋ ರಾಣಿಯೋ ಪಾರ್ಲಿಮೆಂಟಿಗೆ ಹೋಗಿ ಕ್ಷೇಮವಾಗಿ ಹಿಂತಿರುಗುವ ತನಕ ಒಬ್ಬ ಎಂಪಿಯನ್ನು ಅರಮನೆಯಲ್ಲಿ ಒತ್ತೆ ಇಟ್ಟುಕೊಳ್ಳುತ್ತಾರೆ. ಇದನ್ನು ನಾನು ಬಾಯಿತಪ್ಪಿ ಅಪ್ಪನ ಮುಂದೆ ಹೇಳಿದೆ. ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತಿನಿಂದ ತನ್ನನ್ನು ಎಂಪಿಯ ಸಮಕ್ಕೆ ಎಣಿಸಿಕೊಂಡು ಬಿಸಿನೀರು ತರಿಸಿಕೊಳ್ಳತೊಡಗಿದ.

ಮೂರನೆಯ ದಿನ ಮೇಸ್ತ್ರಿ ಹಳೆಯ ಪ್ರಶ್ನೆ ಎತ್ತಿದರು. ಈ ರಾಣಿಯ ತಂದೆ, ಆಗಿನ ರಾಜ, ಸತ್ತಾಗ ನಿಮ್ಮಪ್ಪ ಏನು ಮಾಡಿದ ಎಂದು. ಅಪ್ಪ ಆಗ ಹುಟ್ಟಿರಲಿಲ್ಲ. ದೊರೆ ಇದ್ದ ಕಾಲ, ದೊರೆಯೇ ಆರ್ಡರ್ ಕೊಟ್ಟಿರಬೇಕು ಎಂದ. ಹಾಗಾದರೆ ಈಗಲೂ ಆರ್ಡರ್ ಬೇಕು ಎಂದರು ಮೇಸ್ತ್ರಿ. ಇಬ್ಬರೂ ಒಪ್ಪಿದ ಮೊದಲ ವಿಷಯ ಅದು. ಅರ್ಜಿ ಟೈಪ್ ಮಾಡುವುದು ನನ್ನ ಕಸುಬು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ತಾಲ್ಲೂಕು ಕಚೇರಿಗೆ ಬರೆಯುವ ನಮೂನೆಯಲ್ಲೇ ಬರೆದೆ. ಇವರಿಗೆ, ಮಾನ್ಯ ರಾಜರು, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್. ವಿಷಯ, ಬೀಗದ ಕೈಗಳನ್ನು ಯಾರ ಹೆಸರಿನಲ್ಲಿ ಹಸ್ತಾಂತರಿಸಬೇಕೆಂಬ ಬಗ್ಗೆ ಸ್ಪಷ್ಟೀಕರಣ ಕೋರಿ. ಮಾನ್ಯರೇ, ತಮ್ಮ ಮಾತೃಶ್ರೀಯವರ ನಿಧನದಿಂದ ನಮ್ಮ ತಂದೆಯವರು ಮನೆಗೆ ಬರಲಾಗದೆ ಇರುವುದರಿಂದ, ಮಗಳ ವಿವಾಹದ ದಿನಾಂಕ ಸಮೀಪಿಸುತ್ತಿರುವುದನ್ನು ಮನಗಂಡು, ಆದಷ್ಟು ಬೇಗ ಆದೇಶ ನೀಡಬೇಕಾಗಿ ಪ್ರಾರ್ಥನೆ. ಲಗತ್ತು, ಬೀಗದ ಕೈ ಗೊಂಚಲಿನ ಜೆರಾಕ್ಸ್ ಪ್ರತಿ ಒಂದು. ಗೊಂಚಲು ಗೇಟಿನಿಂದ ಹೊರಗೆ ಬರುವಂತಿಲ್ಲವಾದ್ದರಿಂದ ಅದರ ಫೋಟೋ ತೆಗೆದು ಜೆರಾಕ್ಸ್ ಮಾಡಬೇಕಾಯಿತು. ಅಂಚೆ ಕಚೇರಿಯಲ್ಲಿ ಅರಮನೆಯ ಪಿನ್‌ಕೋಡ್ ಕೇಳಿದರು. ಹುಡುಕಿ ಹೇಳಿದೆ. ಉತ್ತರ ಇವತ್ತಿನವರೆಗೂ ಬಂದಿಲ್ಲ, ಪಾಪ ಅವರಿಗೂ ಕೆಲಸವಿತ್ತು.

ಮನೆಯಲ್ಲಿ ಹಾಲು ಕರೆಯುವುದು, ಹುಲ್ಲು ತರುವುದು ಎಲ್ಲ ಅಮ್ಮನ ತಲೆಗೆ ಬಂತು. ಗಂಡಿನ ಕಡೆಯವರು ಮಾಲೂರಿನವರು, ಅವರಿಗೆ ಏನು ಹೇಳುವುದೆಂದು ತಿಳಿಯದೆ ಇದ್ದದ್ದನ್ನೇ ಹೇಳಿದೆವು. ಇಂಗ್ಲೆಂಡಿನ ರಾಣಿಯ ವಿಷಯದಲ್ಲಿ ಬೀಗರು ಬಂದಿಯಾಗಿದ್ದಾರೆ ಎಂದು ಕೇಳಿ ನನ್ನ ಅತ್ತೆಯಾಗುವವರು, ಅವರ ಮೇಲೆ ಕೇಸೇನಾದರೂ ಇದೆಯಾ ಎಂದು ಎರಡು ಸಲ ವಿಚಾರಿಸಿದರು. ಅವತ್ತು ಅಂಗಡಿಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಅಪ್ಪನ ಮೇಲೆ ಬಂದ ಕೋಪಕ್ಕೆ, ರಾಣಿಗೆ ಇನ್ನು ಎರಡು ತಿಂಗಳು ತಾಳಿಕೊಳ್ಳಲು ಏನಾಗಿತ್ತು ಎಂದು ಕೂಡ ಅಂದುಕೊಂಡೆ.

ಒಂಬತ್ತನೆಯ ದಿನ ಅಮ್ಮ ಹಾಲು ಡೇರಿಗೆ ಹಾಕಿ ನೇರವಾಗಿ ಚಾಂಪಿಯನ್ ರೀಫ್ಸ್‌ಗೆ ಬಂದಳು. ಬರುವ ದಾರಿಯಲ್ಲಿ ಬೈಗುಳಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದಳು, ಮೊದಲು ಅಪ್ಪನಿಗೆ, ಆಮೇಲೆ ಮೇಸ್ತ್ರಿಗೆ, ಕೊನೆಗೆ ಸತ್ತ ರಾಣಿಗೂ ಸ್ವಲ್ಪ. ಮೇಸ್ತ್ರಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಅಮ್ಮ ಗೇಟಿನ ಮುಂದೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡು, ನಿಮಗೆ ಬೇಕಾಗಿರುವುದು ತಿಥಿ ತಾನೇ, ಇಲ್ಲೇ ಮಾಡಿ ರುಮಾಲು ಕಟ್ಟಿ ಮುಗಿಸಿ ಎಂದಳು. ಇಷ್ಟು ಸುಲಭದ ದಾರಿ ಇಬ್ಬರು ಗಂಡಸರಿಗೆ ಒಂಬತ್ತು ದಿನವಾದರೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಎನ್ನಿ.

ಆದರೆ ಹೊಸ ತೊಡಕು ಬಂತು. ರಾಣಿಗೆ ಇನ್ನೂ ಮಣ್ಣೇ ಆಗಿರಲಿಲ್ಲ. ನಮ್ಮಲ್ಲಿ ಹನ್ನೊಂದನೇ ದಿನಕ್ಕೆ ತಿಥಿ ಮುಗಿಯುತ್ತದೆ, ಅಲ್ಲಿ ಒಂಬತ್ತು ದಿನವಾದರೂ ಪೆಟ್ಟಿಗೆ ಇಟ್ಟುಕೊಂಡೇ ಇದ್ದರು. ಅದನ್ನು ನೋಡಲು ಜನ ಮೈಲಿಗಟ್ಟಲೆ ಕ್ಯೂ ನಿಂತಿದ್ದರು. ಮಣ್ಣಿಗೆ ಮೊದಲು ತಿಥಿ ಮಾಡಿದರೆ ಯಾವ ಊರಿನ ಶಾಸ್ತ್ರ ಎಂದು ಮೇಸ್ತ್ರಿ ಕೇಳಿದರು. ಕೊನೆಗೆ ಅಮ್ಮನೇ, ಪಿತೃಪಕ್ಷ ನಡೆಯುತ್ತಿದೆ, ಮಹಾಲಯ ಅಮಾವಾಸ್ಯೆಗೆ ಯಾರು ಯಾವತ್ತು ಸತ್ತಿದ್ದರೂ ಎಡೆ ಇಡಬಹುದು, ಅಷ್ಟರಲ್ಲಿ ಆಯಮ್ಮನಿಗೂ ಮಣ್ಣಾಗಿರುತ್ತದೆ ಎಂದು ತೀರ್ಪು ಕೊಟ್ಟಳು. ದಿನವೇನೋ ನಿಂತಿತು. ಇನ್ನು ಉಳಿದದ್ದು ಸೋದರಮಾವ.

ಅದನ್ನು ಹುಡುಕುವ ಕೆಲಸ ನನಗೆ ಬಿತ್ತು. ಮೊಬೈಲಿನಲ್ಲಿ ಆ ಮನೆತನದ ವಂಶವೃಕ್ಷ ತೆಗೆದು ನೋಡಿದೆ. ರಾಣಿಗೆ ಒಬ್ಬ ತಂಗಿ, ಅಷ್ಟೇ. ಅಣ್ಣತಮ್ಮಂದಿರಿಲ್ಲ. ಇದ್ದಿದ್ದರೆ ಅವನೇ ರಾಜನಾಗುತ್ತಿದ್ದ, ಆಕೆ ರಾಣಿಯೇ ಆಗುತ್ತಿರಲಿಲ್ಲ. ಅಂದರೆ ಯಾರ ಕೈಯಿಂದ ರುಮಾಲು ಕಟ್ಟಿಸಬೇಕೋ ಅವನು ಇಲ್ಲದ್ದರಿಂದಲೇ ಈ ರುಮಾಲಿನ ಪ್ರಶ್ನೆ ಹುಟ್ಟಿತ್ತು. ಇದನ್ನು ನಾನು ಗೇಟಿನ ಹತ್ತಿರ ಇಬ್ಬರಿಗೂ ವಿವರಿಸಿದೆ. ಇಡೀ ರಾಜ್ಯದಲ್ಲಿ ಒಬ್ಬ ಸೋದರಮಾವ ಇಲ್ಲವಲ್ಲ ಎಂದು ಅಪ್ಪ ನಿಜವಾಗಿಯೂ ಮರುಗಿದ. ನಾಲ್ಕು ದಿನ ಅದರಲ್ಲೇ ಹೋಯಿತು. ಅಪ್ಪ ಗಡ್ಡ ಬಿಟ್ಟು, ಮೈಯಿಳಿದು, ನೋಡಲಾಗದ ಹಾಗಾಗಿದ್ದ. ನನ್ನ ಮದುವೆ ಹೇಗೂ ಅಪ್ಪನಿಲ್ಲದೇ ಆಗುತ್ತದೆ ಎಂದು ನಾನು ಮನಸ್ಸಿನಲ್ಲೇ ಒಪ್ಪಿಕೊಳ್ಳತೊಡಗಿದ್ದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ನಾನು ಊಟ ತೆಗೆದುಕೊಂಡು ಹೋದೆ. ಮೇಸ್ತ್ರಿ ಸೈನೈಡ್ ದಿಬ್ಬದ ಕಡೆ ಮುಖ ಮಾಡಿ ಕೂತಿದ್ದರು. ಗಣಿಯಿಂದ ತೆಗೆದು, ಪುಡಿ ಮಾಡಿ, ಚಿನ್ನವನ್ನೆಲ್ಲ ಹೀರಿಕೊಂಡ ಮೇಲೆ ಉಳಿದ ಮಣ್ಣಿನ ದಿಬ್ಬ ಅದು. ಈ ಊರಿಗೆ ಅಂತ ಉಳಿದದ್ದು ಅದೊಂದೇ. ನನ್ನನ್ನು ನೋಡದೆ, ಗೇಟಿನ ಒಳಗಿದ್ದ ಅಪ್ಪನಿಗೆ ಹೇಳಿದರು.

“ತಂಬಿ, ಎಣ್ಣು ಮಗಳನ್ನ ಕಳಿಸುವಾಗ ಚಿನ್ನ ಆಕಿ ಕಳಿಸೋರು ಯಾರು? ತವರುಮನೆಯೋರು ತಾನೆ? ನಮ್ಮ ತಾತ ತೆಗ್ದ, ನಮ್ಮಪ್ಪ ತೆಗ್ದ. ಎಲ್ಲಾ ಆ ಮನೆಗೋಯ್ತು. ನಮ್ಮನೇಲಿ ನಮ್ಮಮ್ಮನ ಕಿವೀಗೆ ಬೇವಿನ ಕಡ್ಡಿ. ಇನ್ನ ಆಯಮ್ಮನ ತವರು ಇದಲ್ದೆ ಯಾವ್ದು?” ಉಸಿರಿಗಾಗಿ ನಿಂತರು. “ಆಯಮ್ಮ ನಂಗೆ ಅಕ್ಕ ಆಗ್ಬೇಕು. ತಾಯ್‌ಮಾಮ ನಾನೇ.”

ನನಗೆ ನಗು ಬಂತು, ಅರ್ಧಕ್ಕೇ ನಿಂತಿತು. ಅವರು ತಮಾಷೆ ಮಾಡುತ್ತಿರಲಿಲ್ಲ. ಕೋಪದಿಂದಲೂ ಹೇಳಿದ್ದಲ್ಲ. ಲೆಕ್ಕ ಸರಿಹೋದವರ ಸಮಾಧಾನ ಆ ಮುಖದಲ್ಲಿತ್ತು. ಅಪ್ಪ ಗೇಟಿನ ಸರಳು ಹಿಡಿದುಕೊಂಡು, ಸರಿಯಾಗೈತೆ ಮೇಸ್ತ್ರಿ ಎಂದ, ಅಷ್ಟೇ.

ಅಮಾವಾಸ್ಯೆಯ ಬೆಳಿಗ್ಗೆ ಬಂಗಲೆಯ ವರಾಂಡದಲ್ಲಿ ಎಡೆ ಇಟ್ಟೆವು. ಪೇಪರಿನಲ್ಲಿ ಬಂದ ರಾಣಿಯ ಫೋಟೋ ಕತ್ತರಿಸಿ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದ್ದೆ. ರಾಜನದು ದೊಡ್ಡದಾಗಿ ಕಲರ್ ಪ್ರಿಂಟು, ಅದಕ್ಕೆ ಚೌಕಟ್ಟು. ಅಮ್ಮ ಮುದ್ದೆ, ಮಾಂಸದ ಸಾರು, ವಡೆ ಮಾಡಿ ತಂದಿದ್ದಳು. ಸತ್ತವರಿಗೆ ಇಷ್ಟವಾದದ್ದು ಇಡಬೇಕು ಎಂಬುದಕ್ಕೆ, ಆಕೆ ಸಂಜೆ ಹೊತ್ತು ಜಾಮ್ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದರಂತೆ ಎಂದು ನಾನು ಓದಿದ್ದನ್ನು ಹೇಳಿದೆ. ರಾಬರ್ಟ್‌ಸನ್‌ಪೇಟೆಯ ಬೇಕರಿಯಿಂದ ಬ್ರೆಡ್ಡು ಜಾಮು ಬಂತು, ಸಾಸರಿನಲ್ಲಿ ಟೀ ಬಂತು. ಗುಂಪಿನಲ್ಲಿಯೂ ಎದ್ದು ಕಾಣಲಿ ಎಂದು ರಾಣಿ ಯಾವಾಗಲೂ ಗಾಢ ಬಣ್ಣವನ್ನೇ ಉಡುತ್ತಿದ್ದರು ಎಂದು ಕೇಳಿ ಅಮ್ಮ ಗಿಳಿಹಸಿರು ಬಣ್ಣದ ಹೊಸ ಸೀರೆ ಮಡಿಸಿಟ್ಟಳು. ಎಡೆಗಿಟ್ಟ ಸೀರೆಯನ್ನು ಆಮೇಲೆ ಮನೆಯ ಹೆಂಗಸೇ ಉಡಬೇಕು, ಬಣ್ಣ ಆರಿಸುವಾಗ ಅಮ್ಮನಿಗೆ ಅದು ಗೊತ್ತಿತ್ತು.

ಎಲೆಯಲ್ಲಿ ಮುದ್ದೆ, ಮಾಂಸದ ಸಾರು, ಬ್ರೆಡ್ಡಿನ ತುಂಡು ಹಾಕಿ ಸೂರಿನ ಅಂಚಿಗೆ ಇಟ್ಟು ಕಾಗೆ ಕರೆದೆವು. ಬಹಳ ಹೊತ್ತು ಬರಲಿಲ್ಲ. ಆ ಲಂಡನ್ನಿನ ಕೋಟೆಯಲ್ಲಿ ದೊಡ್ಡ ಕಾಗೆಗಳನ್ನು ಸಾಕಿದ್ದಾರೆ, ಆರಕ್ಕಿಂತ ಕಡಿಮೆಯಾದರೆ ರಾಜ್ಯ ಉರುಳುತ್ತದೆ ಎಂದು ಒಂದೆರಡು ಹೆಚ್ಚೇ ಇಟ್ಟುಕೊಳ್ಳುತ್ತಾರೆ ಎಂದು ನಾನು ಓದಿದ್ದೆ. ನಮಗೆ ಒಂದೂ ಸಿಗದೆ ಅಪ್ಪ ಕಾ ಕಾ ಎಂದು ಕೂಗಿ ಗಂಟಲು ಒಣಗಿಸಿಕೊಂಡ. ಕೊನೆಗೆ ಒಂದು ಬಂದು, ಮುದ್ದೆ ಮಾಂಸ ಯಾವುದನ್ನೂ ಮುಟ್ಟದೆ, ಬ್ರೆಡ್ಡಿನ ತುಂಡನ್ನು ಎತ್ತಿಕೊಂಡು ಹೋಯಿತು. ಆಯಮ್ಮನೇ ಎಂದಳು ಅಮ್ಮ.

ಮೇಸ್ತ್ರಿ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಕುರ್ಚಿಯ ಮೇಲಿಟ್ಟ ರಾಜನ ಫೋಟೋಗೆ ಹೊಸ ರುಮಾಲು ಸುತ್ತಿದರು. ಚೌಕಟ್ಟಿಗೆ ರುಮಾಲು ನಿಲ್ಲದೆ ಮೂರು ಸಲ ಮೂಗಿನ ಮೇಲೆ ಜಾರಿತು. ನಾಲ್ಕನೆಯ ಸಲ ನಾನು ಪಿನ್ನು ಚುಚ್ಚಿದೆ. ಅಪ್ಪ ಗೊಂಚಲು ಹಿಡಿದು ಗೇಟಿನ ಹತ್ತಿರ ನಡೆದ. ಮೇಸ್ತ್ರಿ ಬಿದ್ದ ಗೋಡೆಯ ಕಡೆ ತಿರುಗಿಯೂ ನೋಡದೆ, ಅಪ್ಪ ತೆಗೆದ ಗೇಟಿನಿಂದಲೇ ಹೊರಗೆ ಹೋಗಿ ನಿಂತು ಕೇಳಿದರು. ಅಪ್ಪ ಉತ್ತರ ಕೊಟ್ಟ. ಓಗ್ಲಿ, ಎಲ್ಲಾ ಚೆನ್ನಾಗೈತೆ ಎಂದು ಮೇಸ್ತ್ರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಪ್ಪನನ್ನು ಮನೆಗೆ ಕರೆತಂದೆವು. ಎರಡು ದಿನ ರಾತ್ರಿ ಪಾಳಿಯನ್ನೂ ಮೇಸ್ತ್ರಿಯೇ ನೋಡಿಕೊಂಡರು. ಅಪ್ಪ ಅಷ್ಟು ಹೊತ್ತೂ ಮಲಗಿಯೇ ಇದ್ದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮದುವೆಗೆ ವಾರವಿರುವಾಗ ಪುರೋಹಿತರು ಬಂದು, ಹೆಣ್ಣನ್ನು ಮಂಟಪಕ್ಕೆ ಕರೆತರಲು ಸೋದರಮಾವ ಯಾರು ಎಂದು ಕೇಳಿದರು. ನಮ್ಮಮ್ಮನಿಗೆ ನಾಲ್ವರು ಅಕ್ಕತಂಗಿಯರು, ಅಣ್ಣತಮ್ಮಂದಿರು ಇಲ್ಲ. ದೂರದ ದಾಯಾದಿಯೊಬ್ಬನನ್ನು ನಿಲ್ಲಿಸೋಣ ಎಂದು ಯಾರೋ ಅಂದರು. ಅಮ್ಮ ಎದ್ದು, ಗಿಳಿಹಸಿರು ಸೀರೆ ಉಟ್ಟು, ನನ್ನನ್ನು ಕರೆದುಕೊಂಡು ಚಾಂಪಿಯನ್ ರೀಫ್ಸ್‌ಗೆ ಹೊರಟಳು. ಗೇಟಿನ ಮುಂದೆ ಮೇಸ್ತ್ರಿಗೆ ಎಲೆ ಅಡಿಕೆ ಕೊಟ್ಟಳು.

“ಮುಖ ನೋಡದೋಳಿಗೆ ತಮ್ಮ ಆದಲ್ಲಣ್ಣ. ನಂಗೂ ಆಗು.”

ಮೇಸ್ತ್ರಿ ಎಲೆ ಅಡಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅವತ್ತು ಸಂಜೆ ಪಾಳಿಗೆ ಬಂದು ಗೊಂಚಲು ಹಿಡಿದ ಅಪ್ಪ ಈ ಸುದ್ದಿ ಕೇಳಿ ಸಂತೋಷಪಟ್ಟ, ಆಮೇಲೆ ಮುಖ ಸಣ್ಣದಾಯಿತು. ಮುಹೂರ್ತ ಹಗಲಿನಲ್ಲಿ. ಹಗಲು ಪಾಳಿ ಮೇಸ್ತ್ರಿಯದು. ಮೇಸ್ತ್ರಿ ಮದುವೆಗೆ ಬಂದರೆ ಅಪ್ಪ ಗೇಟಿನಲ್ಲಿರಬೇಕು. ಅಪ್ಪ ಬಂದರೆ ಮೇಸ್ತ್ರಿ ಇರಬೇಕು. ನಾನು ಹಠ ಮಾಡಿ ಹಿಡಿಸಿದ ಹಗಲಿನ ಮುಹೂರ್ತವೇ ನನಗೆ ತಿರುಗಿ ಬಿದ್ದಿತ್ತು. ಅಪ್ಪ ನೆಲ ನೋಡುತ್ತಾ, ಮೇಸ್ತ್ರಿಯೇ ಹೋಗಲಿ, ಮಾವ ಇಲ್ಲದೆ ಹೆಣ್ಣು ಮಂಟಪ ಹತ್ತೋಕಾಗಲ್ಲ, ನಾನು ಇಲ್ಲಿರುತ್ತೇನೆ ಎಂದ. ನಾನು ಅಪ್ಪನ ಮುಖ ನೋಡಲಾರದೆ ಆ ಕಡೆ ತಿರುಗಿ ನಿಂತೆ. ಮೂವತ್ತು ವರ್ಷದ ಕೋಪವೆಲ್ಲ ಒಟ್ಟಿಗೆ ಬಂತು.

ಒಂದು ಮಾತಿಗಾಗಿ ಅಪ್ಪನನ್ನು ಹದಿನೇಳು ದಿನ ಕೂರಿಸಿದ್ದ ಮೇಸ್ತ್ರಿ ಗೊಂಚಲನ್ನು ಅಪ್ಪನ ಕೈಯಿಂದ ತೆಗೆದುಕೊಂಡರು. ಪದ್ಧತಿಯ ಒಂದು ಮಾತೂ ಆಡಲಿಲ್ಲ.

“ರಾಜನ ಮನೆ, ರಾಜನ ಬೀಗ. ಒಂದ್ ದಿನ ಅವ್ನೇ ಕಾಯ್ಲಿ ಬಿಡು ತಂಬಿ.”

ಮದುವೆಯ ದಿನ ಇಬ್ಬರೂ ಬೆಳಗಿನ ಮೊದಲ ರೈಲಿನಲ್ಲಿ ಬಂಗಾರಪೇಟೆಗೆ ಬಂದು ಆಟೋ ಮಾಡಿಕೊಂಡು ಮನೆ ಮುಟ್ಟಿದರು. ಮೇಸ್ತ್ರಿ ಮಾವನ ಕಡೆಯ ಉಡುಗೊರೆಯೆಂದು ಪೇಟೆಯಲ್ಲಿ ಕೊಂಡ ಒಂದು ಪುಟ್ಟ ಮೂಗುಬೊಟ್ಟು ತಂದಿದ್ದರು, ಜೋಳದ ಕಾಳಿನಷ್ಟೂ ಇರಲಿಲ್ಲ. ಅದನ್ನು ಕೊಡಲು ನಾಚಿ ಅಮ್ಮನ ಕೈಗೆ ಕೊಟ್ಟರು. ಆಮೇಲೆ ನನ್ನ ಕೈ ಹಿಡಿದು ಚಪ್ಪರದೊಳಗೆ ನಡೆದರು. ಹತ್ತು ಹೆಜ್ಜೆಗೆ ಉಸಿರು ಸಾಲದೆ ನಿಂತರು. ನಾನೂ ನಿಂತೆ. ಓಲಗದವರು ಬಾರಿಸುತ್ತಲೇ ಇದ್ದರು, ಪುರೋಹಿತರು ಹೊತ್ತಾಯಿತು ಎಂದು ಕೈ ಮಾಡಿದರು, ಮಾಲೂರಿನವರು ಕತ್ತು ಚಾಚಿ ನೋಡಿದರು. ಇನ್ನು ಹತ್ತು ಹೆಜ್ಜೆಗೆ ಮತ್ತೆ ನಿಂತರು. ಆಗ ಅಪ್ಪ ಮಂಟಪದಿಂದ ಇಳಿದು ಬಂದ. ಹೆಣ್ಣಿನ ತಂದೆ ಹಾಗೆ ಇಳಿದು ಬರುವ ಪದ್ಧತಿ ನಮ್ಮಲ್ಲಿ ಇಲ್ಲ. ಬಂದವನು ಮೇಸ್ತ್ರಿಯ ಇನ್ನೊಂದು ತೋಳು ಹಿಡಿದುಕೊಂಡ, ಮೂವರೂ ಅವರ ಉಸಿರಿಗೆ ಸರಿಯಾಗಿ ನಿಧಾನವಾಗಿ ನಡೆದೆವು. ಅಪ್ಪ ಅಳುತ್ತಿದ್ದ, ಹಗಲು ಬೆಳಕಿನಲ್ಲಿ, ಎಲ್ಲರೂ ನೋಡುವ ಹಾಗೆ. ಆ ಹೊತ್ತಿಗೆ ಬಂಗಲೆಯ ಹತ್ತಿರ ಯಾರೂ ಇರಲಿಲ್ಲ.